ಹತ್ತು, ಇಪ್ಪತ್ತು ಮತ್ತು ಕೆಂಪು ಮೀಸೆಯ ಭತ್ತ

ನಾನು ಮದುವೆಯಾಗಿ ಬಂದ ಊರಿನಲ್ಲಿ ಮೊದಲ ವೀಳ್ಯ ಎರಡು. ಮೊದಲನೆಯದು ಎರಡು ಹೇಗಾಗುತ್ತದೆ ಎಂದು ಕೇಳಿದವರೆಲ್ಲ ನಗುತ್ತಾರೆ. ನಾನೂ ನಕ್ಕಿದ್ದೆ. ಪಿರಿಯಾಪಟ್ಟಣ ಸೀಮೆಯ ಹಾರನಹಳ್ಳಿಯಿಂದ ಒಂದಿಷ್ಟು ಒಳಗಿರುವ ಆ ಊರಿನಲ್ಲಿ ಹಳೆಯ ಮನೆತನಗಳು ಎರಡು. ಒಂದು ನನ್ನ ಗಂಡನದು, ಇನ್ನೊಂದು ಕೆರೆ ಏರಿಯ ಆಚೆಯವರದು. ಯಾರ ಮನೆಯ ಮದುವೆಯೇ ಆಗಲಿ, ಎಲೆ ಅಡಿಕೆಯ ಮೊದಲ ತಟ್ಟೆ ತಮಗೇ ಬರಬೇಕೆಂದು ಎರಡು ಮನೆಯವರದೂ ಹಟ. ಯಾವುದೋ ಕಾಲದಲ್ಲಿ ಇದಕ್ಕಾಗಿ ಒಂದು ಮದುವೆ ಊಟವಿಲ್ಲದೆ ಎದ್ದು ಹೋಗಿತ್ತಂತೆ. ಆಮೇಲೆ ಹಿರಿಯರು ಕೂತು ತೀರ್ಮಾನ ಮಾಡಿದರು: ಇಬ್ಬರು ಎರಡು ತಟ್ಟೆ ಹಿಡಿದು ಜೋಡಿಯಾಗಿ ಹೋಗಬೇಕು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೆ ಬಗ್ಗಬೇಕು, ಒಟ್ಟಿಗೆ ಇಡಬೇಕು.

ನನ್ನ ಮದುವೆಯ ದಿನ ಅವರಲ್ಲಿ ಒಬ್ಬನಿಗೆ ಸೀನು ಬಂತು. ಅವನ ತಟ್ಟೆ ಒಂದು ಗಳಿಗೆ ಮುಂಚೆ ನೆಲ ಮುಟ್ಟಿಬಿಟ್ಟಿತು. ಎತ್ತಿಕೊಂಡು ಮತ್ತೆ ಬಾಗಿಲಿನಿಂದ ಬನ್ನಿ ಎಂದು ಅಪ್ಪಣೆಯಾಯಿತು. ನಾನು ಮಣೆಯ ಮೇಲೆ ಕೂತು, ನಗು ತಡೆಯಲಾರದೆ, ಸೆರಗು ಬಾಯಿಗೆ ಒತ್ತಿಕೊಂಡೆ. ಮದುಮಗಳು ಅಳುತ್ತಿದ್ದಾಳೆ ಪಾಪ ಎಂದು ಯಾರೋ ಮರುಗಿದರು.

ನಾನು ಕೆ.ಆರ್. ನಗರದ ನಾಲೆ ಸೀಮೆಯವಳು. ನಮ್ಮಲ್ಲಿ ಯಾರು ಹತ್ತಿರ ಕೂತಿರುತ್ತಾರೋ ಅವರಿಗೆ ಮೊದಲು ವೀಳ್ಯ ಕೊಟ್ಟು, ಮುಂದೆ ಸಾಗುತ್ತಾ ಹೋಗುತ್ತೇವೆ. ಹೀಗಾಗಿ ಗಂಡನ ಮನೆಯವರ ಮೊದಲನೆಯದು, ಎರಡನೆಯದು ಎಂಬ ಲೆಕ್ಕಾಚಾರ ನನಗೆ ಬಹಳ ದಿನ ತಮಾಷೆಯಾಗಿಯೇ ಕಂಡಿತು. ಮನೆಯೊಳಗೂ ಅದೇ ಕತೆ. ಬೆಳಗಿನ ಕಾಫಿ ಮೊದಲು ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ. ಪೇಪರು ಮೊದಲು ಅವರಿಗೆ. ಹೆಂಚಿನಿಂದ ಇಳಿದ ಮೊದಲ ರೊಟ್ಟಿಯೂ ಅವರಿಗೆ. ಅದು ಸಾಮಾನ್ಯವಾಗಿ ಸೀದಿರುತ್ತದೆ, ಆದರೂ ಗೌರವ ಗೌರವವೇ.

ಭಾವನವರು ಕೆಟ್ಟವರಲ್ಲ. ಬಿಗಿ ಮನುಷ್ಯ ಅಷ್ಟೆ. ತಮ್ಮನ ಹೆಂಡತಿಯ ಜೊತೆ ಎದುರೆದುರು ಮಾತಾಡಬಾರದು ಎಂಬ ಹಳೆಯ ಪದ್ಧತಿಯನ್ನು ಇವತ್ತಿಗೂ ಪಾಲಿಸುತ್ತಾರೆ. ನನಗೆ ಏನಾದರೂ ಹೇಳಬೇಕಾದರೆ ನಡುಮನೆಯ ಕಂಬಕ್ಕೆ ಹೇಳುತ್ತಾರೆ. 'ಮಳೆ ಬತ್ತದೇನೋ, ಮೇಲ್ಗಡೆ ಬಟ್ಟೆ ಒಣಗಾಕಿದ್ರು' ಎಂದು ಕಂಬಕ್ಕೆ ಹೇಳಿದರೆ ನಾನು ಹೋಗಿ ಬಟ್ಟೆ ತರಬೇಕು. ಎಷ್ಟೋ ವರ್ಷದಿಂದ ನಮ್ಮಿಬ್ಬರ ನಡುವೆ ಆ ಕಂಬವೇ ದುಭಾಷಿ. ಹಾಗೆಂದು ನನ್ನ ಮೇಲೆ ಅಕ್ಕರೆ ಇಲ್ಲವೆಂದಲ್ಲ, ಹಲಸಿನ ಹಣ್ಣು ಕೊಯ್ದರೆ ನನಗಿಷ್ಟವಾದ ಗಟ್ಟಿ ತೊಳೆ ಹೇಗೋ ನನ್ನ ತಟ್ಟೆಗೆ ಬಂದು ಬೀಳುತ್ತದೆ.

ಹುಣಸೂರಿನಲ್ಲಿ ನಮ್ಮದೊಂದು ಅಂಗಡಿ ಇದೆ. ಹೊಗೆಸೊಪ್ಪು ಕಟ್ಟುವ ದಾರ, ಟಾರ್ಪಾಲು, ಹಗ್ಗ, ಗೋಣಿಚೀಲ, ಪಿವಿಸಿ ಪೈಪು. ಅಣ್ಣತಮ್ಮ ಇಬ್ಬರೂ ಸೇರಿ ನಡೆಸುತ್ತಾರೆ, ನಾವೆಲ್ಲ ಇರುವುದೂ ಊರಿನಲ್ಲಲ್ಲ, ಅಂಗಡಿಯ ಮೇಲಿನ ಮನೆಯಲ್ಲಿ. ಬಿಲ್ಲು, ಮೇಲ್ ನೋಡುವುದು ನನ್ನ ಪಾಲಿನ ಕೆಲಸ. ಆದರೆ ಮೇಲ್ ಎಂಬುದು ನಮ್ಮ ಅಂಗಡಿಗೆ ಬಂದದ್ದು ಭಾವನವರಿಂದ. ಬಹಳ ಹಿಂದೆ, ಸುತ್ತಮುತ್ತಲ ಅಂಗಡಿಗಳಲ್ಲಿ ಯಾರಿಗೂ ಅದರ ಗೋಜಿಲ್ಲದಾಗ, ಅವರು ಅಂಗಡಿಯ ಹೆಸರಿನಲ್ಲೇ ಒಂದು ವೆಬ್‌ಸೈಟು, ಅದೇ ಹೆಸರಿನಲ್ಲೇ ಮೇಲ್ ವಿಳಾಸ ಮಾಡಿಸಿದ್ದರು. ಬಾಡಿಗೆ ಹೆಸರು ಬ್ಯಾಡ, ನಮ್ಮೆಸ್ರೇ ಇರ್ಲಿ ಎಂದು ಹಟ ಹಿಡಿದಿದ್ದರಂತೆ. ಅದಕ್ಕಾಗಿ ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೆಳಗಿಳಿದು, ಗಲ್ಲಾಪೆಟ್ಟಿಗೆಗೆ ಒಂದು ಹೂ, ಕಂಪ್ಯೂಟರಿಗೆ ಒಂದು ಹೂ ಇಟ್ಟು, ಆಮೇಲೆ ಮೇಲ್ ತೆಗೆಯುತ್ತಿದ್ದರು. ದಾರದ ಕಂಪನಿಯ ರೇಟು ಬಂದಿದ್ದರೆ ಅದನ್ನು ಗಟ್ಟಿಯಾಗಿ ಓದುವರು. ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ ಓದುವರು.

ಆ ಹಳೆಯ ಮೇಲ್ ಪೆಟ್ಟಿಗೆಯಲ್ಲಿ ಜಾಗ ಕಡಿಮೆ, ಫೋನಿನಲ್ಲಿ ತೆರೆಯುತ್ತಲೂ ಇರಲಿಲ್ಲ. ನಾನು ಅಂಗಡಿಗೆ ಇಳಿಯದೆ ಯಾವ ಮೇಲ್ ಕೂಡ ನೋಡುವ ಹಾಗಿರಲಿಲ್ಲ. ಕೊನೆಗೆ ಕೆ.ಆರ್. ನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಮ್ಮನ ಮಗನನ್ನು, ವರಸೆಯಲ್ಲಿ ನನ್ನ ತಮ್ಮನನ್ನು, ಕರೆಸಿದೆ. ಅವನು ಬಂದು, ವಿಳಾಸ ಅದೇ ಇರಲಿ, ಮೇಲ್ ಮಾತ್ರ ಹೊಸ ಸರ್ವರಿಗೆ ಬಂದು ಬೀಳುವ ಹಾಗೆ ಮಾಡೋಣ, ಅಕ್ಕ, ನೀನು ಫೋನಿನಲ್ಲೇ ನೋಡಬಹುದು ಎಂದ. ಹಳೆಯದನ್ನು ತೆಗೆದುಬಿಡಲೇ ಎಂದು ಕೇಳಿದ. ನನ್ನ ಗಂಡ ಬೆಚ್ಚಿಬಿದ್ದರು. ಅಣ್ಣನ ಕಂಪ್ಯೂಟರಿನ ಮೇಲ್ ನಿಲ್ಲಿಸುವುದೆಂದರೆ ಅಣ್ಣನ ಕಾಫಿ ನಿಲ್ಲಿಸಿದ ಹಾಗೆ. ಹಾಗಾದರೆ ಎರಡೂ ಇರಲಿ ಎಂದ ಅವನು, ಯಾವುದಕ್ಕೆ ಯಾವ ಪ್ರಯಾರಿಟಿ ನಂಬರ್ ಹಾಕಲಿ, ಚಿಕ್ಕ ನಂಬರಿನದು ಮೊದಲು ಎಂದು ವಿವರಿಸಿದ.

ನನ್ನ ಗಂಡ ಹಿಂದೆ ಮುಂದೆ ನೋಡದೆ ಹೇಳಿದರು.

"ಇಬ್ರಿಗೂ ಒಂದೇ ನಂಬರ್ ಆಕ್ಬುಡು. ಹತ್ತು, ಹತ್ತು. ಯಾರೂ ಮುಂದಲ್ಲ, ಯಾರೂ ಹಿಂದಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ನನ್ನ ಗಂಡನ ಜೀವನದ ಒಂದೇ ಸಿದ್ಧಾಂತ. ವೀಳ್ಯದ ಎರಡು ತಟ್ಟೆ ನೋಡಿ ಬೆಳೆದ ಮನುಷ್ಯನಿಗೆ ಬೇರೆ ದಾರಿ ಹೊಳೆಯುವುದಾದರೂ ಹೇಗೆ? ನನ್ನ ತಮ್ಮ ತಲೆ ಕೆರೆದುಕೊಂಡ. ಹಾಗೆ ಹಾಕಿದರೂ ನಡೆಯುತ್ತದೆ, ಆದರೆ ಎರಡು ಪೆಟ್ಟಿಗೆಯನ್ನೂ ದಿನಾ ನೋಡುತ್ತಿರಬೇಕು ಎಂದ. ಅಣ್ಣ ದಿನಾ ನೋಡ್ತಾನೆ ಬುಡು ಎಂದು ಇವರು ಅವನಿಗೆ ಇನ್ನೊಂದು ಲೋಟ ಕಾಫಿ ಕೊಡಿಸಿ ಬಸ್ಸು ಹತ್ತಿಸಿದರು. ಒಂದೇ ಮೇಲ್ ಎರಡು ಕಡೆಗೂ ಬರುತ್ತದೆಂದು ನಾವೆಲ್ಲ ತಿಳಿದುಕೊಂಡೆವು. ಎರಡು ತಟ್ಟೆ, ಎರಡರಲ್ಲೂ ಎಲೆ ಅಡಿಕೆ. ಅಷ್ಟೇ ಅಲ್ಲವೇ!

ಇಲ್ಲಿಗೆ ಭತ್ತದ ವಿಷಯ ಹೇಳಬೇಕು.

ಊರಿನ ಕೆರೆಯ ಕೆಳಗೆ ನಮಗೊಂದು ಗದ್ದೆ ಇದೆ, ಕೆಳಗದ್ದೆ ಎನ್ನುತ್ತೇವೆ. ಅಂಗಡಿ ಕೆಲಸ ಎಷ್ಟಿದ್ದರೂ ಭಾವನವರು ಆ ಗದ್ದೆ ಬಿಟ್ಟವರಲ್ಲ. ಅಲ್ಲಿ ಅವರು ಬೆಳೆಯುವ ಭತ್ತ ಬೇರೆಲ್ಲೂ ಇಲ್ಲ. ನಮ್ಮತ್ತೆ, ಅಂದರೆ ಅವರ ಅವ್ವ, ಕಣದಲ್ಲಿ ಹುಲ್ಲು ಬಡಿಯುವಾಗ ಎಲ್ಲದರಂತಿಲ್ಲದ ಒಂದೆರಡು ತೆನೆ ಕಂಡು, ಎತ್ತಿಟ್ಟು, ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿದ್ದರಂತೆ. ಮರುವರ್ಷ ಮಡಿಯ ಒಂದು ಮೂಲೆಯಲ್ಲಿ ಬಿತ್ತಿದರು. ಹಾಗೆಯೇ ವರ್ಷವರ್ಷವೂ ಆರಿಸುತ್ತಾ ಹೋದರು. ನಾನು ಸೊಸೆಯಾಗಿ ಬಂದ ಮೇಲೆ ಅತ್ತೆ ಹೆಚ್ಚು ಕಾಲ ಇರಲಿಲ್ಲ. ಆದರೆ ಊರಿನ ಮನೆಯ ಹಟ್ಟಿಯಂಗಳದಲ್ಲಿ ಕೂತು, ತೆನೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದುದು ಚೆನ್ನಾಗಿ ನೆನಪಿದೆ. ಅವರು ಹೋದ ಮೇಲೆ ಭಾವನವರು ಹಿಡಿದುಕೊಂಡರು. ಹಿಡಿದುಕೊಂಡವರು 'ನನ್ನ ಭತ್ತ' ಎನ್ನತೊಡಗಿದರು. ಯಾರಾದರೂ ಕೇಳಿದರೆ ನನ್ನ ಭತ್ತ, ನನ್ನ ತಳಿ. ಅತ್ತೆಯ ಹೆಸರು ಬರುತ್ತಿರಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಎಲ್ಲದರಲ್ಲೂ ಮೊದಲು ತಾನೇ ಆಗಬೇಕು ಈ ಮನುಷ್ಯನಿಗೆ ಎಂದುಕೊಳ್ಳುತ್ತಿದ್ದೆ.

ಆ ಭತ್ತದ ಚೆಲುವು ಅದರ ಮೀಸೆ. ಕಾಳಿನ ತುದಿಯಲ್ಲಿ ಉದ್ದದ ಮೀಸೆ, ತೆನೆ ಹೊರಬಂದ ಹೊಸದರಲ್ಲಿ ಕುಂಕುಮದ ಹಾಗೆ ಕೆಂಪಗಿರುತ್ತದೆ. ಗದ್ದೆಗೆ ಗದ್ದೆಯೇ ಕೆಂಪೇರಿ ನಿಲ್ಲುತ್ತದೆ. ಕಾಳು ಬಲಿಯುತ್ತಾ ಬಂದಂತೆ ಬಣ್ಣ ಇಳಿದು, ಕೊಯ್ಲಿಗೆ ಎಲ್ಲ ಭತ್ತದ ಹಾಗೆ ಹುಲ್ಲು ಬಣ್ಣ. ಕೆಂಪಿರುವಾಗ ನೋಡಿದವರೇ ನೋಡಿದವರು.

ತವರಿಗೆ ಹೋದಾಗ ಒಂದು ರೈತರ ಸಭೆಯಲ್ಲಿ, ಹಳೆಯ ಭತ್ತದ ತಳಿ ಹುಡುಕಿಕೊಂಡು ಊರೂರು ತಿರುಗುವ ಮೇಡಂ ಒಬ್ಬರ ಮಾತು ಕೇಳಿದ್ದೆ. ಅವರ ಮೇಲ್ ವಿಳಾಸ ಬರೆದುಕೊಂಡು ಬಂದು, ಕಳೆದ ವರ್ಷದ ಫೋಟೋ ಕಳಿಸಿದೆ. ಅವರಿಂದ ಉತ್ತರ ನನ್ನ ಫೋನಿಗೆ ಬಂತು. ಇಂಥದ್ದನ್ನು ತಾವು ನೋಡಿಲ್ಲ, ಮೀಸೆ ಕೆಂಪಿರುವಾಗಲೇ ಬಂದು ನೋಡಬೇಕು, ನೋಡಿದರೆ ಮಾತ್ರ ಬೆಳೆದವರ ಹೆಸರಿನ ಸಮೇತ ತಳಿಗಳ ಪಟ್ಟಿಗೆ ಸೇರಿಸಲು ಸಾಧ್ಯ, ಹೆಚ್ಚಿನ ವಿವರ ಮತ್ತೆ ಬರೆಯುತ್ತೇನೆ ಎಂದಿದ್ದರು.

ಅದನ್ನು ನಾನು ಕಂಬಕ್ಕೆ ಓದಿ ಹೇಳಿದೆ. ಕಂಬದ ಪಕ್ಕ ಕೂತಿದ್ದ ಭಾವನವರು ಎದ್ದು ಕುಡುಗೋಲು ಹುಡುಕತೊಡಗಿದರು. ಮಾರನೆಯ ದಿನ ಮೊದಲ ಬಸ್ಸಿಗೆ ಊರಿಗೆ ಹೋಗಿ ಗದ್ದೆಯ ಬದು ಸವರಿ ಬಂದರು. ಮೇಡಂ ಜಾರಿ ಬೀಳಬಾರದಲ್ಲ. ಸಂಜೆ ನನ್ನ ಓರಗಿತ್ತಿ, ಅಂದರೆ ಭಾವನವರ ಹೆಂಡತಿ, ಗುಟ್ಟಾಗಿ ಹೇಳಿದಳು: ಇದೇ ಕೊನೆ ವರ್ಷ ಅಂತ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಯಾರಾದರೂ ಬಂದು ನೋಡಿದರೆ ಸಾಕು ಅಂತಾರೆ. ಕೊನೆ ವರ್ಷ ಏಕೆಂದರೆ, ಕೆಳಗದ್ದೆಯನ್ನು ಮುಂದಿನ ಸಾಲಿಗೆ, ಗದ್ದೆ ಗುತ್ತಿಗೆ ಹಿಡಿಯುವ ಕೇರಳದ ಶುಂಠಿಯವರಿಗೆ ಬಿಟ್ಟುಕೊಡುವುದಾಗಿ ನನ್ನ ಗಂಡ ಬಾಯಿಮಾತು ಕೊಟ್ಟಾಗಿತ್ತು. ಅಣ್ಣನ ಮಂಡಿ ನೋವು, ಕೆಸರಲ್ಲಿ ಇಳಿಯಲಾಗುವುದಿಲ್ಲ ಎಂಬ ಕಾರಣ. ಭಾವನವರು ಹೂಂ ಎಂದಿದ್ದರು. ಬಿಗಿ ಮನುಷ್ಯ ಹೂಂ ಎಂದರೆ ಒಳಗೆ ಏನಿದೆ ಎಂದು ಕಂಬಕ್ಕೂ ತಿಳಿಯುವುದಿಲ್ಲ.

ದೀಪಾವಳಿ ಕಳೆಯಿತು. ಗದ್ದೆಯಲ್ಲಿ ಹೊಡೆ ಒಡೆದು ತೆನೆ ಈಚೆ ಬಂತು. ಕೆಂಪೇರಿತು. ಮೇಡಂ ಕಡೆಯಿಂದ ಸುದ್ದಿಯಿಲ್ಲ. ನಾನು ಒಂದು ಮೇಲ್ ಹಾಕಿದೆ, ನನ್ನ ಫೋನ್ ನಂಬರನ್ನೂ ಕೊಟ್ಟೆ. ಉತ್ತರವಿಲ್ಲ. ಇನ್ನೊಂದು ಹಾಕಿದೆ. ಅದಕ್ಕೂ ಇಲ್ಲ. ಊಟಕ್ಕೆ ಕೂತಾಗ ಭಾವನವರು ನನ್ನ ಕೈಯಲ್ಲಿದ್ದ ಫೋನಿನ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೆ. ಆ ನೋಟಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ ಎಂದು ಓರಗಿತ್ತಿ ಸಮಾಧಾನ ಹೇಳಿದಳು. ಮೊದಲು ಊರಿಗೆ ಬರಲಿ ತಾಯಿ ಎಂದೆ ನಾನು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಹುಡುಕಲು ದೂರ ಹೋಗಬೇಕಿಲ್ಲ. ಒಂದು ಮಧ್ಯಾಹ್ನ ಕೂತು ಖಾರವಾಗಿ ಬರೆದೆ. ನಿಮ್ಮಂಥ ಓದಿದವರಿಗೆ ಬರುತ್ತೇನೆಂದು ಬರೆಯುವುದು ಸುಲಭ. ಭತ್ತಕ್ಕೆ ಓದು ಬರಹ ಬರುವುದಿಲ್ಲ, ಅದು ನಿಮಗಾಗಿ ಕಾಯುವುದೂ ಇಲ್ಲ, ಮೀಸೆಯ ಬಣ್ಣ ಇಳಿಯಲು ಶುರುವಾಗಿದೆ. ಬರುವುದಿಲ್ಲವಾದರೆ ಇಲ್ಲವೆಂದು ಒಂದು ಸಾಲು ಬರೆದು ನಮ್ಮ ಮನೆಯ ಹಿರಿಯರನ್ನು ಬಿಡುಗಡೆ ಮಾಡಿ. ಇಷ್ಟು ಬರೆದು ಕಳಿಸಿ, ಸಮಾಧಾನವಾಗಿ ಒಂದು ಕೋಡುಬಳೆ ತಿಂದೆ.

ಆ ಮೇಲಿಗೆ ರಾತ್ರಿ ಉತ್ತರ ಬಂದಿತ್ತು, ಅದೂ ನನ್ನ ಫೋನಿಗೇ. ಬೆಳಿಗ್ಗೆ ಅದನ್ನು ಓದಿ, ಬಾಯಿಗಿಡಹೊರಟ ಕೋಡುಬಳೆಯನ್ನು ತಟ್ಟೆಗೇ ವಾಪಸ್ಸು ಹಾಕಿದೆ. ಮೇಡಂ ಬಹಳ ಸೌಮ್ಯವಾಗಿ ಬರೆದಿದ್ದರು. ನಾನು ನಿಮಗೆ ಹಲವು ಸಲ ಬರೆದಿದ್ದೇನೆ, ಯಾವಾಗ ಬರಬೇಕು, ಯಾವ ದಾರಿ ಎಂದೆಲ್ಲ ಕೇಳಿದ್ದೇನೆ. ನೀವು ನನ್ನ ಒಂದು ಪ್ರಶ್ನೆಗೂ ಉತ್ತರಿಸದೆ ಬರುತ್ತೀರಾ ಬರುತ್ತೀರಾ ಎಂದಷ್ಟೇ ಕೇಳುತ್ತಿದ್ದೀರಿ. ನಿಮಗೆ ಇಷ್ಟವಿಲ್ಲವೇನೋ ಎಂದುಕೊಂಡು ನಿಮ್ಮ ಊರನ್ನು ಬಿಟ್ಟು ಹೊರಟೆ. ಈಗ ಎಚ್.ಡಿ. ಕೋಟೆ ಕಡೆ ಇದ್ದೇನೆ, ಹಗಲೆಲ್ಲ ಕಾಕನಕೋಟೆಯ ಅಂಚಿನಲ್ಲಿ ಓಡಾಟ, ಅಲ್ಲಿ ಫೋನ್ ಸಿಗುವುದಿಲ್ಲ, ಸಂಜೆ ಬಂದು ಮೇಲ್ ನೋಡುತ್ತೇನೆ. ಬಣ್ಣ ಇನ್ನೂ ಇದ್ದರೆ ದಾರಿ ಬರೆಯಿರಿ, ಆದರೆ ಬರಲಾಗುವುದೇ ಎಂದು ಈಗಲೇ ಹೇಳಲಾರೆ.

ಹಲವು ಸಲ ಬರೆದಿದ್ದಾರಂತೆ! ಎಲ್ಲಿಗೆ? ಹಿಡಿದ ಕೆಲಸವನ್ನು ಬಿಟ್ಟು ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನು ನಿಟ್ಟುಸಿರು ಬಿಟ್ಟ.

"ಅಕ್ಕ, ಎರಡಕ್ಕೂ ಒಂದೇ ನಂಬರ್ ಇದ್ರೆ ಎರಡ್ ಕಡೆಗೂ ಹೋಗಲ್ಲ. ಕಳಿಸೋ ಕಡೆಯ ಸರ್ವರ್ ಕಣ್ಮುಚ್ಕೊಂಡು ಯಾವ್ದಾದ್ರೂ ಒಂದಕ್ಕೆ ಆಕ್ತದೆ. ಭಾವನೋರ ಪೆಟ್ಟಿಗೆ ನೋಡಿದ್ಯಾ?"

ವೀಳ್ಯ ಇಡುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸರ್ವರುಗಳಿಗೆ ಮುಖವಿಲ್ಲ. ತಟ್ಟೆಯೂ ಒಂದೇ. ಒಮ್ಮೆ ಈ ಮನೆಗೆ, ಒಮ್ಮೆ ಆ ಮನೆಗೆ, ಬಂದ ಕಡೆ ಇಟ್ಟು ಹೋಗಿಬಿಡುತ್ತವೆ. ನಾನು ದಡದಡ ಅಂಗಡಿಗೆ ಇಳಿದೆ.

ಭಾವನವರ ಕಂಪ್ಯೂಟರಿನ ಮೇಲೆ ಒಂದು ಹಳೆಯ ಟವಲ್ ಹೊದಿಸಿತ್ತು. ಎಷ್ಟೋ ದಿನದಿಂದ ಹೊದಿಸಿತ್ತು. ನಾನು ದಿನಾ ನೋಡುತ್ತಿದ್ದೆ, ಧೂಳಿಗೆಂದು ಹಾಕಿದ್ದಾರೆ ಎಂದುಕೊಂಡಿದ್ದೆ. ಅದರ ಪಕ್ಕ ದಿನಾ ಇಡುತ್ತಿದ್ದ ಹೂ ಇರಲಿಲ್ಲ ಎಂಬುದು ಮಾತ್ರ ಆ ದಿನವೇ ಕಂಡಿತು.

ಓರಗಿತ್ತಿ ಆಮೇಲೆ ಬಿಡಿಸಿ ಹೇಳಿದಳು. ಹೊಸ ಏರ್ಪಾಡು ಆದ ಮೇಲೆ ಭಾವನವರಿಗೆ ಬರುವ ಮೇಲ್ ಅರ್ಧಕ್ಕಿಳಿದಿತ್ತು. ದಾರದ ರೇಟು ಒಂದು ವಾರ ಬಂದರೆ ಒಂದು ವಾರ ಇಲ್ಲ. ಅದೇ ಹೊತ್ತಿಗೆ ನಾನು ಮೇಲೆ ಕೂತು ಫೋನಿನಲ್ಲಿ ಓದಿ, ಗಂಡನಿಗೆ ರೇಟು ಕೂಗಿ ಹೇಳುತ್ತಿದ್ದೆ. ಇಬ್ಬರೂ ಒಂದೇ ಎಂದು ಬಾಯಲ್ಲಿ ಹೇಳಿ, ತಮ್ಮನ್ನು ಮೆತ್ತಗೆ ಬದಿಗೆ ಸರಿಸುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತ್ತು. ಜಗಳವಾಡಲಿಲ್ಲ. ಕೇಳಲೂ ಇಲ್ಲ. ಒಂದು ಬೆಳಿಗ್ಗೆ ಟವಲ್ ಹೊದಿಸಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಇಡೀ ಮನೆಯಲ್ಲಿ ಮೊದಲ ರೊಟ್ಟಿ ತಿನ್ನುವ ಮನುಷ್ಯ ಹೀಗೆ ಸುಮ್ಮನೆ ಹಿಂದೆ ಸರಿದದ್ದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೇಳಿ ನನಗೆ ಸಂಕಟವಾಯಿತು.

ಟವಲ್ ತೆಗೆದು ಕಂಪ್ಯೂಟರ್ ಹಾಕಿದೆ. ಮೇಡಂ ಬರೆದದ್ದೆಲ್ಲ ಅಲ್ಲಿತ್ತು. ಮೀಸೆ ಎಷ್ಟು ಉದ್ದ? ಕೆಂಪು ಎಷ್ಟು ದಿನ ಇರುತ್ತದೆ? ಪಿರಿಯಾಪಟ್ಟಣದಿಂದ ಬರಬೇಕೋ ಹುಣಸೂರಿನಿಂದಲೋ? ಕೊನೆಯದರಲ್ಲಿ, ಉತ್ತರ ಬಾರದ್ದರಿಂದ ನಿಮ್ಮ ಊರನ್ನು ಈ ಸಲ ಕೈಬಿಡುತ್ತಿದ್ದೇನೆ ಎಂದಿತ್ತು. ಭಾವನವರು ಕಾಯುತ್ತಿದ್ದ ಮಾತುಗಳೆಲ್ಲ ಅವರು ಕೂತ ಕುರ್ಚಿಯಿಂದ ಕೈಯಳತೆಯಲ್ಲಿ, ಅವರದೇ ಟವಲಿನ ಕೆಳಗೆ, ಅವರಿಗಾಗಿಯೇ ಕಾದುಕೊಂಡಿದ್ದವು.

ಅವರು ಬಾಗಿಲ ಬಳಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತು ಓದಿದರು. ಅಂಗಡಿಯಲ್ಲಿ ಕಂಬವಿಲ್ಲ, ಪೈಪುಗಳ ಕಡೆ ತಿರುಗಿ, ಬಣ್ಣ ಇನ್ನೂ ಒಂದೆರಡು ದಿನ ಇರಬೈದು ಎಂದರು. ನಾನು ಅಲ್ಲೇ ಕೂತು ಎಲ್ಲ ಪ್ರಶ್ನೆಗೂ ಉತ್ತರ ಬರೆದು, ಖಾರದ ಮಾತಿಗೆ ಕ್ಷಮೆ ಕೇಳಿ, ದಾರಿ ಬರೆದು ಕಳಿಸಿದೆ. ಆ ಮೇಲ್‌ಗಳಲ್ಲಿದ್ದ ಮೇಡಂ ನಂಬರಿಗೆ ಫೋನ್ ಹಚ್ಚಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದೇ ಹೇಳುತ್ತಿತ್ತು.

ಇನ್ನು ನಂಬರ್ ಸರಿಪಡಿಸಬೇಕಿತ್ತು. ನನ್ನ ತಮ್ಮ ಫೋನಿನಲ್ಲಿ ಕಾಯುತ್ತಿದ್ದ: ಒಂದಕ್ಕೆ ಹತ್ತು, ಒಂದಕ್ಕೆ ಇಪ್ಪತ್ತು, ಬೇಗ ಹೇಳಿ, ಯಾವುದಕ್ಕೆ ಯಾವುದು? ನನ್ನ ಗಂಡ ಗೋಣಿಚೀಲ ಎಣಿಸುವ ನೆಪದಲ್ಲಿ ಗೋದಾಮಿಗೆ ನುಸುಳಿದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಅಣ್ಣನಿಗೆ ಇಪ್ಪತ್ತು ಎಂದು ಹೇಳುವ ನಾಲಿಗೆ ಆ ಮನೆಯಲ್ಲಿ ಇರಲಿಲ್ಲ.

"ದೊಡ್ ನಂಬರ್ನೋರಿಗೆ ಏನ್ ಕೆಲ್ಸ ಅಂತೆ?" ಭಾವನವರು ಪೈಪುಗಳನ್ನು ಕೇಳಿದರು.

ಮೊದಲನೆಯದು ಕೆಟ್ಟು ನಿಂತಾಗ ಬಂದದ್ದು ನೆಲಕ್ಕೆ ಬೀಳದ ಹಾಗೆ ಹಿಡಿದುಕೊಳ್ಳುವುದು ಎಂದು ನನ್ನ ತಮ್ಮ ಫೋನಿನಿಂದ ಹೇಳಿದ. ಬೇರೆ ಹೊತ್ತಿನಲ್ಲಿ ಹೆಚ್ಚು ಕೆಲಸವಿಲ್ಲ, ಆದರೆ ಇರಲೇಬೇಕು. ಭಾವನವರು ಟವಲನ್ನು ಕೊಡವಿ ಮಡಚಿದರು.

"ಅದು ನಂಗಿರ್ಲಿ."

ಅಷ್ಟೇ ಹೇಳಿದ್ದು. ನನ್ನ ಗಂಡ ಗೋದಾಮಿನಿಂದ ತಲೆ ಹೊರಗೆ ಹಾಕಿ ನೋಡಿ ಮತ್ತೆ ಒಳಗೆಳೆದುಕೊಂಡರು. ನನ್ನ ತಮ್ಮ ನಂಬರ್ ಬದಲಿಸಿದ. ಒಂದು ಎಚ್ಚರಿಕೆಯನ್ನೂ ಹೇಳಿದ: ಬದಲಾದ ಸುದ್ದಿ ಲೋಕದ ಸರ್ವರುಗಳಿಗೆಲ್ಲ ತಕ್ಷಣ ತಲುಪುವುದಿಲ್ಲ. ಹಳೆಯದನ್ನು ನೆನಪಿಟ್ಟುಕೊಂಡವು ಇನ್ನೂ ಒಂದೆರಡು ದಿನ ಕಣ್ಮುಚ್ಚಿಕೊಂಡೇ ಹಾಕುತ್ತವೆ. ಮುಹೂರ್ತ ಬದಲಾದರೂ ಒಂದಿಬ್ಬರು ನೆಂಟರು ಹಳೆಯ ಹೊತ್ತಿಗೇ ಬಂದು ಕೂತಿರುತ್ತಾರಲ್ಲ, ಹಾಗೆ. ಅಲ್ಲಿಯವರೆಗೆ ಆ ಪೆಟ್ಟಿಗೆಯನ್ನು ನೋಡುತ್ತಿರಬೇಕು.

ಭಾವನವರು ನೋಡುತ್ತಿದ್ದರು. ಟವಲ್ ಒಗೆಯಲು ಹೋಯಿತು, ಹೂ ವಾಪಸ್ಸು ಬಂತು, ಕುರ್ಚಿ ಬಾಗಿಲಿನಿಂದ ಮೂಲೆಗೆ ಸರಿಯಿತು. ಬಂದದ್ದೆಲ್ಲ ಕಸ. ನಿಮಗೆ ಲಾಟರಿ ಹೊಡೆದಿದೆ, ನಿಮ್ಮ ತೂಕ ಇಳಿಸುತ್ತೇವೆ. ದೊಡ್ಡ ನಂಬರಿನ ಪೆಟ್ಟಿಗೆಗೆ ಯಾರೂ ಸರಿಯಾಗಿ ಕಾವಲಿರುವುದಿಲ್ಲ ಎಂದು ಕಳ್ಳ ಮೇಲ್‌ನವರು ಬೇಕೆಂದೇ ಅಲ್ಲಿಗೆ ನುಗ್ಗುತ್ತಾರಂತೆ. ಭಾವನವರು ಅವನ್ನೂ ಗಟ್ಟಿಯಾಗಿ ಓದಿದರು. ದಾರ ಕೊಳ್ಳಲು ಬಂದವರೆಲ್ಲ ಪರದೇಶದ ಯಾವುದೋ ವಿಧವೆಯ ಕಷ್ಟ ಕೇಳಿ ಮರುಗಿ ಹೋದರು. ನಾನು ಮೇಲೆ ಕೂತು ನನ್ನ ಫೋನನ್ನು ಉಜ್ಜಿ ಉಜ್ಜಿ ನೋಡುತ್ತಿದ್ದೆ. ಮಾರನೆಯ ದಿನವಿಡೀ ಮೇಡಂ ಕಡೆಯಿಂದ ಏನೂ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಆಸೆ ಬಿಟ್ಟೆ.

ಅದರ ಮಾರನೆಯ ಬೆಳಿಗ್ಗೆ ಏಳುವಷ್ಟರಲ್ಲಿ ಭಾವನವರು ಮನೆಯಲ್ಲಿರಲಿಲ್ಲ. ಊರಿಗೆ ಹೋದರು ಎಂದಳು ಓರಗಿತ್ತಿ. ಅಕ್ಕಿ ರೊಟ್ಟಿ, ಅವರೆಕಾಳಿನ ಸಾರು ಮಾಡಿಕೊಂಡು ನಮ್ಮನ್ನೂ ಬರಹೇಳಿದ್ದಾರೆ, ಇನ್ನೂ ಒಂದಿಬ್ಬರು ಉಣ್ಣುತ್ತಾರಂತೆ. ಯಾರು ಎಂದರೆ ಅವಳಿಗೂ ಗೊತ್ತಿಲ್ಲ. ಕೂಲಿಯವರಿರಬೇಕು ಎಂದುಕೊಂಡು ಡಬ್ಬಿ ಕಟ್ಟಿದೆವು. ಹೊರಡುವ ಮುಂಚೆ, ಏನೋ ಅನುಮಾನ ಬಂದು, ನಾನು ಮೂಲೆಯ ಕಂಪ್ಯೂಟರ್ ಹಾಕಿ ನೋಡಿದೆ. ಮೇಡಂ ಮೇಲ್ ಹಿಂದಿನ ಸಂಜೆ ಅಲ್ಲಿಗೆ ಬಂದು ಬಿದ್ದಿತ್ತು. ವೀರನಹೊಸಹಳ್ಳಿ ಕಡೆಯ ಕೆಲಸ ಒಂದು ದಿನ ಮುಂದಕ್ಕೆ ಹಾಕಿದ್ದೇನೆ, ಬೆಳಿಗ್ಗೆ ಬರಬಹುದೇ? ಕೆಳಗೆ ಭಾವನವರ ಉತ್ತರ. ಒಂದು ಕಾಲದಲ್ಲಿ ಅಂಗಡಿಯ ಕರಪತ್ರಕ್ಕೆಂದು ಕಲಿತ ಕನ್ನಡ ಟೈಪಿಂಗು, ಎರಡು ಬೆರಳಿನದು. ಬನ್ನಿ, ತುದಿಯಲ್ಲಿ ಕೆಂಪು ಇನ್ನೂ ಇದೆ, ನಾನು ಬದುವಿನ ಮೇಲೆ ಇರುತ್ತೇನೆ. ನಮಗೆ ಯಾರಿಗೂ ಹೇಳಿರಲಿಲ್ಲ. ಬಾರದೆ ಹೋದರೆ ಒಬ್ಬರೇ ನಿಂತು ವಾಪಸ್ಸು ಬರೋಣ ಎಂದುಕೊಂಡಿದ್ದರೇನೋ.

ನಾವು ತಲುಪುವ ಹೊತ್ತಿಗೆ ಕೆರೆ ಏರಿಯ ಮೇಲೆ ಜೀಪು ನಿಂತಿತ್ತು. ಮೇಡಂ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಿದ್ದರು, ಅವರ ಜೊತೆಗಿದ್ದವರೊಬ್ಬರು ಫೋಟೋ ತೆಗೆಯುತ್ತಿದ್ದರು. ಗದ್ದೆಯ ಮೇಲ್ಭಾಗ ಆಗಲೇ ಬಣ್ಣ ಬಿಟ್ಟಿತ್ತು. ಕೆಳಗಿನ ನೀರು ನಿಲ್ಲುವ ಮೂಲೆಯಲ್ಲಿ, ತಡವಾಗಿ ತೆನೆ ಬಿಟ್ಟ ಕಡೆ, ಮೀಸೆ ಕೆಂಪಗೇ ಇತ್ತು. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಿತ್ತು. ಮೇಡಂ ಒಂದು ತೆನೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಬದುವಿನ ಮೇಲಿದ್ದ ಭಾವನವರು ಅದನ್ನು ನೋಡಿ ಥಟ್ಟನೆ ಮುಖ ತಿರುಗಿಸಿಕೊಂಡರು. ಯಾಕೆಂದು ನನಗೆ ಗೊತ್ತಾಯಿತು.

ಎಲ್ಲ ನೋಡಿ ಮುಗಿಸಿ, ಕಾಲು ತೊಳೆದು, ಮೇಡಂ ಪೆನ್ನು ತೆಗೆದರು. ಈ ತಳಿಯನ್ನು ಆರಿಸಿ ಉಳಿಸಿದವರ ಹೆಸರು ಬೇಕು, ಒಬ್ಬರಿಗಿಂತ ಹೆಚ್ಚಿದ್ದರೆ ಮೊದಲು ಯಾರದು ಹೇಳಿ ಎಂದರು. ನನ್ನ ಗಂಡ ಅಣ್ಣನ ಹೆಸರು ಹೇಳಲು ಬಾಯಿ ತೆರೆದರು. ಭಾವನವರು ಕೈಯೆತ್ತಿ ತಡೆದರು.

"ಮೊದ್ಲು ನಮ್ಮವ್ವನ ಹೆಸ್ರು ಬರ್ಕೊಳ್ಳಿ. ಅವ್ಳು ಹತ್ತು, ನಾನು ಇಪ್ಪತ್ತು. ಅವ್ಳು ಇಲ್ದಾಗ ಹಿಡ್ಕೊಂಡಿವ್ನಿ, ಅಷ್ಟೇಯ."

ಮೇಡಂಗೆ ಹತ್ತು ಇಪ್ಪತ್ತು ಅರ್ಥವಾಗಲಿಲ್ಲ. ಪೆನ್ನು ಹಿಡಿದು ನಮ್ಮೆಲ್ಲರ ಮುಖ ನೋಡಿದರು. ಗದ್ದೆಯಲ್ಲಿ ಕಂಬವಿರಲಿಲ್ಲ, ಪೈಪುಗಳೂ ಇರಲಿಲ್ಲ. ಭಾವನವರು ನನ್ನ ಕಡೆ ತಿರುಗಿದರು. ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ, ನೇರವಾಗಿ.

"ನೀನೇ ಬುಡ್ಸಿ ಹೇಳಮ್ಮ ಇವ್ರಿಗೆ."

ಹೇಳಲು ನನ್ನಿಂದ ಆಗಲಿಲ್ಲ. ಮಾತಿನಲ್ಲಿ ಯಾರಿಗೂ ಸೋಲದ ನನಗೆ ಕಣ್ಣೀರು ಸುರಿಯತೊಡಗಿತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ, ಈ ಸಲ ನಗುವಲ್ಲ. ಓರಗಿತ್ತಿಯೇ ಮುಂದೆ ಬಂದು ಅತ್ತೆಯ ಹೆಸರು ಹೇಳಿ ಬರೆಸಿದಳು. ನನ್ನ ಗಂಡ ಜೇಬಿನಿಂದ ಫೋನ್ ತೆಗೆದುಕೊಂಡು ಕೆರೆ ಏರಿ ಹತ್ತಿದರು, ಕೆಳಗದ್ದೆ ಬಿಟ್ಟು ಬೇರೆ ಎಲ್ಲಾದರೂ ಜಾಗ ನೋಡಿಕೊಳ್ಳಿ ಎಂದು ಶುಂಠಿಯವರಿಗೆ ಹೇಳಲು.